ಇಕ್ಕೇರಿ ಕಂಡ ಪರದೇಶಿ, ಅವನ ಮಡದಿ ಮಾನಿ

 

ಈ ತಿಂಗಳ ಶಿವಾನುಭವ ಗೋಷ್ಠಿಗೆ ನನ್ನನ್ನು ಕರೆದವರು ವಿಷಯವನ್ನೂ ಅವರೇ ಕೊಟ್ಟಿದ್ದಾರೆ: 'ವಿದೇಶದಲ್ಲಿ ದಂಪತಿಗಳಾಗಿ ಕಂಡ ಬದುಕು'. ನಾನೂ ನನ್ನ ಮನೆಯವರೂ ಮಗಳ ಮನೆಯಲ್ಲಿ ಇದ್ದು ಬಂದೆವಲ್ಲ, ಅದನ್ನು ಹೇಳಿ ಎಂದರು. ನಾನು ಮೂವತ್ತು ಚಿಲ್ಲರೆ ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಮೋರಿ, ಸೇತುವೆ ಮಾಡಿಸಿದವನು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕಿನಲ್ಲೇ ಅರ್ಧ ನೌಕರಿ ಕಳೆಯಿತು. ಭಾಷಣ ಮಾಡಿದ್ದಕ್ಕಿಂತ ಎಸ್ಟಿಮೇಟ್ ಬರೆದದ್ದು ಹೆಚ್ಚು. ತಪ್ಪಿದರೆ ತಿದ್ದಿಕೊಳ್ಳಿ.

ನಮ್ಮ ವಿದೇಶ ವಾಸದ್ದು ದೊಡ್ಡ ಕಥೆಯೇನಲ್ಲ. ಮಗಳು ಅಳಿಯ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ. ವೀಸಾ 90 ದಿನಕ್ಕೆ. ಹೋಗುವಾಗ ವಿಮಾನ ನಿಲ್ದಾಣದಲ್ಲಿ ನಮ್ಮ ವಿಭೂತಿ ಗಟ್ಟಿಯನ್ನು ಮೂಸಿ, ತಟ್ಟಿ, ಯಂತ್ರದೊಳಗೆ ಎರಡು ಸಲ ಕಳಿಸಿ ನೋಡಿದರು. ಹಣೆ ತೋರಿಸಿದ ಮೇಲೆ ನಕ್ಕು ಬಿಟ್ಟರು. ಅಲ್ಲಿ ಬೆಳಿಗ್ಗೆ ಲಿಂಗಪೂಜೆಗೆ ಪತ್ರೆ ಎಲ್ಲಿಂದ ತರೋಣ? ಕಿಟಕಿಯ ಕುಂಡದಲ್ಲಿ ಮಗಳು ಬೆಳೆಸಿದ ತುಂಬೆಯಂಥ ಒಂದು ಗಿಡದ ಹೂವೇ ಗತಿ. ಹಗಲೆಲ್ಲ ಮಗಳು ಅಳಿಯ ಕೆಲಸಕ್ಕೆ ಹೋದರೆ ನಾವಿಬ್ಬರೇ. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ನಾನೂ ಇವಳೂ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು. ನೌಕರಿಯಲ್ಲಿದ್ದಾಗ ನಾನು ಸೈಟಿನಲ್ಲಿ, ಇವಳು ಬಾಡಿಗೆ ಮನೆಯಲ್ಲಿ. ಹನ್ನೊಂದು ವರ್ಗಾವಣೆ. ಪ್ರತಿ ಸಲ ಹಾಲಿನವನನ್ನು, ಶಾಲೆಯನ್ನು, ಅಕ್ಕಪಕ್ಕದವರನ್ನು ಹೊಸದಾಗಿ ಹುಡುಕಿಕೊಂಡವಳು ಇವಳು. 'ನಂಗೆ ಹೊಸನಗರದ ಮಳೆಗಾಲವೇ ಫಾರಿನ್ನು, ಇದೇನು ಮಹಾ' ಎಂದಳು ಮ್ಯೂನಿಕ್ ನೋಡಿ.

ವಿದೇಶದ ವಿಷಯ ಇಷ್ಟು ಸಾಕು. ನಾನು ಹೇಳಹೊರಟದ್ದು ಬೇರೆ ದಂಪತಿಯ ಕಥೆ. ಅದರ ಒಂದು ತುದಿ ಇಲ್ಲೇ ಸಾಗರದ ಪಕ್ಕ ಇಕ್ಕೇರಿಯಲ್ಲಿದೆ, ಇನ್ನೊಂದು ತುದಿ ರೋಮ್‌ನಲ್ಲಿ.

ನಿವೃತ್ತಿಯಾದ ಮೇಲೆ ನನಗೆ ಹಳೆಯ ಪ್ರವಾಸಿಗಳ ಬರಹ ಓದುವ ಗೀಳು ಹತ್ತಿತು. ಎಚ್. ಎಲ್. ನಾಗೇಗೌಡರ 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳು ಹಚ್ಚಿದ ಗೀಳು ಅದು. ಹಾಗೆ ಓದುವಾಗ ಸಿಕ್ಕಿದವನು ಪಿಯೆತ್ರೊ ದೆಲ್ಲಾ ವಾಲ್ಲೆ, ರೋಮ್ ನಗರದ ದೊಡ್ಡ ಮನೆತನದವನು. ಪ್ರೀತಿಸಿದ ಹೆಣ್ಣು ಬೇರೆಯವನ ಕೈಹಿಡಿದಳೆಂದು ಬೇಸತ್ತು 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದ. ಇಸ್ತಾಂಬುಲ್, ಈಜಿಪ್ಟ್, ಜೆರುಸಲೇಮ್ ಸುತ್ತಿ 1616ರಲ್ಲಿ ಬಾಗ್ದಾದ್ ಮುಟ್ಟಿದ. ದಾರಿಯಲ್ಲಿ ಜೊತೆಗಾರನೊಬ್ಬ ಬಾಗ್ದಾದಿನ ಒಂದು ಹುಡುಗಿಯ ಗುಣರೂಪಗಳನ್ನು ವರ್ಣಿಸಿದ್ದ. ಕೇಳಿಯೇ ಮನಸ್ಸು ಕೊಟ್ಟಿದ್ದ ಈ ಪುಣ್ಯಾತ್ಮ, ಕಂಡ ಮೇಲೆ ಮದುವೆಯಾದ. ಅವಳ ಹೆಸರು ಮಾನಿ. ಅರಬ್ಬಿಯಲ್ಲಿ ಅದಕ್ಕೆ 'ಅರ್ಥಗಳು' ಎಂದು ಅರ್ಥವಂತೆ. ನಮ್ಮ ಕನ್ನಡದಲ್ಲಿ ಮಾನಿ ಎಂದರೆ ಏನೆಂದು ನಿಮಗೆ ಗೊತ್ತು. ಎರಡೂ ಅವಳಿಗೆ ಒಪ್ಪುತ್ತವೆ. ಅವಳದು ಮಾರ್ದಿನ್ ಊರಿನಿಂದ ವಲಸೆ ಬಂದ ಸಿರಿಯಾ ಕ್ರೈಸ್ತ ಮನೆತನ. ಆಗ ವಯಸ್ಸು ಹದಿನೆಂಟರ ಆಸುಪಾಸು.

ಇಬ್ಬರೂ ಪರ್ಶಿಯಾಕ್ಕೆ ಹೋದರು. ಇಸ್ಫಹಾನಿನಲ್ಲಿ ಮನೆ ಮಾಡಿದರು, ಷಾ ಅಬ್ಬಾಸನ ಆಸ್ಥಾನ ಕಂಡರು, ಕ್ಯಾಸ್ಪಿಯನ್ ಸಮುದ್ರದ ದಂಡೆಯವರೆಗೂ ತಿರುಗಿದರು. ಮಾನಿ ಡೇರೆಯಲ್ಲಿ ಅಡುಗೆ ಮಾಡಿಕೊಂಡು ಕೂತವಳಲ್ಲ. ಕುದುರೆ ಏರಿ ಗಂಡನ ಸಮಕ್ಕೆ ಹೋಗುತ್ತಿದ್ದಳು. ನೇಪಲ್ಸ್‌ನಲ್ಲಿದ್ದ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊಗೆ ಪಿಯೆತ್ರೊ ಉದ್ದುದ್ದ ಕಾಗದ ಬರೆಯುತ್ತಿದ್ದ. ಆ ಕಾಗದಗಳಲ್ಲಿ ಹೆಂಡತಿಯ ಧೈರ್ಯವನ್ನು ಹೇಳುವಾಗ ಅವನಿಗೆ ಹೆಮ್ಮೆ. ಹೆಂಡತಿಯ ಬಗ್ಗೆ ಅಷ್ಟು ಬರೆದ ಪ್ರವಾಸಿಗಳನ್ನು ನಾನು ಹೆಚ್ಚು ಕಂಡಿಲ್ಲ. ನಮ್ಮ ಪ್ರವಾಸಕಥನಗಳಲ್ಲಿ ಹೆಂಡತಿ ಬರುವುದು ಚಪ್ಪಲಿ ಕಳೆದುಕೊಂಡಾಗ ಮಾತ್ರ.

ಮಕ್ಕಳಾಗಲಿಲ್ಲ. ಒಂದು ಅನಾಥ ಜಾರ್ಜಿಯನ್ ಹುಡುಗಿಯನ್ನು ಸಾಕಿಕೊಂಡರು. ಐದು ವರ್ಷದ ಮೇಲೆ ಮಾನಿ ಗರ್ಭಿಣಿಯಾದಳು. ಭಾರತಕ್ಕೆ ಹಡಗು ಹಿಡಿಯಲೆಂದು ಹೊರ್ಮುಜ್ ಕಡೆ ಬಂದರೆ ಅಲ್ಲಿ ಯುದ್ಧ. ಪೋರ್ಚುಗೀಸರ ಮೇಲೆ ಪರ್ಶಿಯದವರೂ ಇಂಗ್ಲಿಷರೂ ಬಿದ್ದಿದ್ದರು. ದಾರಿ ಕಟ್ಟಿತು. ಮಿನಾಬ್ ಎಂಬ ಸೆಕೆಯ ಊರಿನಲ್ಲಿ ಎಲ್ಲರಿಗೂ ಜ್ವರ ಬಂತು, ಮಾನಿಯ ಗರ್ಭ ಇಳಿಯಿತು. 1621ರ ಡಿಸೆಂಬರ್ 30ರಂದು ಅವಳು ತೀರಿಕೊಂಡಳು. ಇಪ್ಪತ್ತಮೂರು ವರ್ಷ.

ಪಿಯೆತ್ರೊ ಅವಳನ್ನು ಅಲ್ಲಿ ಮಣ್ಣು ಮಾಡಲಿಲ್ಲ. ದೇಹಕ್ಕೆ ಕರ್ಪೂರ ತುಂಬಿಸಿ ಪೆಟ್ಟಿಗೆಯಲ್ಲಿಟ್ಟ. ತನ್ನ ಮನೆತನದವರನ್ನು ಹೂಳುವ ಜಾಗ ರೋಮ್‌ನಲ್ಲಿದೆ, ಇವಳು ನನ್ನ ಮನೆಯವಳು, ಅಲ್ಲಿಗೇ ಒಯ್ಯುತ್ತೇನೆ ಎಂದು ಹಟ. ಹೆಣವಿದೆ ಎಂದು ಗೊತ್ತಾದರೆ ನಾವಿಕರು ಹಡಗು ಹತ್ತಿಸುವುದಿಲ್ಲ. ಹಾಗಾಗಿ ಪೆಟ್ಟಿಗೆಯನ್ನು ಬಟ್ಟೆಬರೆಯ ಗಂಟಿನಂತೆ ಮರೆಮಾಡಿ, ಇಂಗ್ಲಿಷ್ ಹಡಗಿನಲ್ಲಿ 1623ರಲ್ಲಿ ಸೂರತ್ತಿಗೆ ತಂದ. ಅಲ್ಲಿಂದ ಖಂಭಾತ್, ಅಹಮದಾಬಾದ್ ನೋಡಿ ಗೋವೆಗೆ ಬಂದ. ಸಾಕಿದ ಹುಡುಗಿ ಜೊತೆಗಿದ್ದಳು.

ಆ ವರ್ಷ ನಮ್ಮ ಇಕ್ಕೇರಿಯ ದೊರೆ ವೆಂಕಟಪ್ಪ ನಾಯಕರಲ್ಲಿಗೆ ಗೋವೆಯ ಪೋರ್ಚುಗೀಸರು ರಾಯಭಾರಿಯೊಬ್ಬನನ್ನು ಕಳಿಸಿದರು. ಮೆಣಸಿನ ವ್ಯಾಪಾರ, ಕರಾವಳಿಯ ತಕರಾರು, ಇತ್ಯಾದಿ. ಪಿಯೆತ್ರೊ ಅವನ ಜೊತೆ ಸೇರಿಕೊಂಡ. ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆ ಮುಟ್ಟಿದರು. ಆ ಹೊಳೆ ತಾನು ಕಂಡ ಅತಿ ಚೆಲುವಾದ ಹೊಳೆಗಳಲ್ಲಿ ಒಂದು ಎಂದು ಬರೆದಿದ್ದಾನೆ. ಆಮೇಲೆ ಘಟ್ಟ ಹತ್ತಿದರು. ಆ ಘಟ್ಟದ ರಸ್ತೆಯ ತಿರುವು ತಿರುವಿನಲ್ಲಿ ಮಳೆಗಾಲದ ಕುಸಿತ ತೆಗೆಸುತ್ತ ನಿಂತವನು ನಾನು. ಪಲ್ಲಕ್ಕಿಯಲ್ಲಿ ಆ ಏರು ಹತ್ತಿದ್ದನ್ನು ಓದುವಾಗ ನನಗೆ ಹೊತ್ತವರ ಭುಜವೇ ನೆನಪಾಗುತ್ತದೆ.

ದಾರಿಯ ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ನಿಂತು ನೋಡಿದ. ನೆಲದ ಮೇಲೆ ನುಣುಪು ಮರಳು ಹರಡಿಕೊಂಡು, ರಾಗವಾಗಿ ಹೇಳುತ್ತ ಬೆರಳಿನಲ್ಲಿ ಬರೆಯುತ್ತಿದ್ದರು. ಮೇಷ್ಟರಿಲ್ಲ. ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ. ಖರ್ಚಿಲ್ಲದ, ಸುಲಭದ, ಗಟ್ಟಿಯಾದ ವಿಧಾನ ಎಂದು ಮೆಚ್ಚಿಕೊಂಡ. ಇಕ್ಕೇರಿ ಪಟ್ಟಣವನ್ನು ಸೇರುವಾಗ ಮೂರು ಬಾಗಿಲು ದಾಟಿದ್ದನ್ನೂ, ಗೋಡೆಯ ಬದಲು ಒತ್ತಾಗಿ ಬೆಳೆಸಿದ ಎತ್ತರದ ಬಿದಿರು ಮೆಳೆಯೇ ಕೋಟೆಯಾಗಿದ್ದನ್ನೂ ಬರೆದ. ಎಂಜಿನಿಯರಾಗಿ ಹೇಳುತ್ತೇನೆ, ಮಲೆನಾಡಿನ ಮಳೆಯಲ್ಲಿ ಮಣ್ಣಿನ ಗೋಡೆಗಿಂತ ಅದೇ ಲೇಸು. ಅಘೋರೇಶ್ವರನ ಗುಡಿ ನೋಡಿದ, ಬಲಕ್ಕೆ ಹದಿನಾರು ಎಡಕ್ಕೆ ಹದಿನಾರು ಕೈಗಳ ಮೂರ್ತಿ ನೋಡಿದ. ಬೀದಿಯಲ್ಲಿ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಕುಣಿಯುವುದನ್ನು, ನಮ್ಮ ಕೋಲಾಟವನ್ನು, ತಾಳದ ಸಮೇತ ಬಣ್ಣಿಸಿದ. ಲಿಂಗವಂತರ ಹೆಸರು, ಜಂಗಮರ ಹೆಸರು ಅವನ ಕಾಗದದಲ್ಲಿ ಬರುತ್ತದೆ. ಜಂಗಮರಿಗೆ ಜನ ಅಡ್ಡಬೀಳುವುದನ್ನು ಕಂಡಿದ್ದಾನೆ. ನಾನೂರು ವರ್ಷದ ಹಿಂದಿನ ನಮ್ಮ ಊರನ್ನು, ನಮ್ಮ ಸಮಾಜವನ್ನು ಇಷ್ಟು ಹತ್ತಿರದಿಂದ ತೋರಿಸುವ ಬರಹ ಇನ್ನೊಂದು ನನಗೆ ಸಿಕ್ಕಿಲ್ಲ. 1664ರಲ್ಲೇ ಇಂಗ್ಲಿಷಿಗೆ ಬಂದಿದೆ, 1892ರಲ್ಲಿ ಟಿಪ್ಪಣಿಗಳೊಂದಿಗೆ ಮತ್ತೆ ಅಚ್ಚಾಗಿದೆ.

ಇನ್ನು ಮುಂದಿನದು ಹೇಳುವುದಕ್ಕೆ ಕಷ್ಟ.

1623ರ ನವೆಂಬರ್ ತಿಂಗಳ ಒಂದು ಸಂಜೆ. ಪಿಯೆತ್ರೊ ಬಿಡಾರಕ್ಕೆ ಮರಳುವಾಗ ಇಕ್ಕೇರಿಯ ಬೀದಿಯಲ್ಲಿ ಒಂದು ಮೆರವಣಿಗೆ ಎದುರಾಯಿತು. ಕುದುರೆಯ ಮೇಲೆ ಒಬ್ಬ ಹೆಣ್ಣು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಕನ್ನಡಿ ನೋಡಿಕೊಳ್ಳುತ್ತ ಹಾಡಿನಂಥ ಧಾಟಿಯಲ್ಲಿ ಏನೋ ಹೇಳುತ್ತಿದ್ದಾಳೆ. ಮುಂದೆ ವಾದ್ಯ, ಹಿಂದೆ ಜನ. ಗಂಡ ಸತ್ತಿದ್ದಾನೆ, ಬೆಂಕಿಗೆ ಬೀಳಲು ನಿಶ್ಚಯಿಸಿದ್ದಾಳೆ, ಲೋಕಕ್ಕೆ ವಿದಾಯ ಹೇಳುತ್ತಿದ್ದಾಳೆ ಎಂದು ಜೊತೆಯವರು ತಿಳಿಸಿದರು.

ಅವನು ಅಷ್ಟಕ್ಕೇ ಬಿಡಲಿಲ್ಲ. ಕೆಲವು ದಿನ ಬಿಟ್ಟು ಅವಳ ಮನೆ ಹುಡುಕಿಕೊಂಡು ಹೋದ. ಅವಳ ಹೆಸರನ್ನು ಅವನು ಜಿಯಾಕ್ಕಮಾ ಎಂದು ಬರೆದಿದ್ದಾನೆ. ನಮ್ಮ ಕಿವಿಗೆ ಅದು ಜಕ್ಕಮ್ಮ. ತೆಲುಗಿನವರು, ಗಂಡ ವಾದ್ಯ ಬಾರಿಸುವವನು. ಅವಳು ಬಿಳಿ ಬಟ್ಟೆ ಉಟ್ಟು, ಹೂ ಮುಡಿದು, ನಗುತ್ತ ಹೊರಗೆ ಬಂದಳು. ಇವನು ದುಭಾಷಿಯ ಮೂಲಕ ಕೇಳಿದ. ಗಂಡನಿಗೆ ಇನ್ನೂ ಇಬ್ಬರು ಹಿರಿಯ ಹೆಂಡಿರಿದ್ದಾರೆ, ಅವರು ಸಾಯುವುದಿಲ್ಲವಂತೆ, ನೀನೇಕೆ? ಮಕ್ಕಳು ಚಿಕ್ಕವರು, ಅವರನ್ನು ಯಾರಿಗೆ ಬಿಡುತ್ತೀ? ಯಾರಾದರೂ ಒತ್ತಾಯ ಮಾಡಿದರೇ? ಅವಳ ಉತ್ತರ: ಯಾರೂ ಒತ್ತಾಯ ಮಾಡಿಲ್ಲ, ಇದು ನನ್ನ ಇಚ್ಛೆ, ಮಕ್ಕಳನ್ನು ನಮ್ಮವರು ನೋಡಿಕೊಳ್ಳುತ್ತಾರೆ. ಅವನು ತನಗೆ ತಿಳಿದಷ್ಟು ಬುದ್ಧಿ ಹೇಳಿದ. ಅವಳು ಕದಲಲಿಲ್ಲ. ನಿನ್ನ ಹೆಸರು ನನ್ನ ದೇಶದಲ್ಲಿ ಉಳಿಯುವಂತೆ ಮಾಡುತ್ತೇನೆ ಎಂದು ಮಾತು ಕೊಟ್ಟು ಎದ್ದು ಬಂದ. ಆಮೇಲೆ ಅವಳ ಮೇಲೆ ಪದ್ಯಗಳನ್ನೂ ಬರೆದ.

ಹೆಂಡತಿಯ ಹೆಣವನ್ನು ಮಣ್ಣಿಗೆ ಕೊಡಲಾರದೆ ದೇಶದೇಶ ಹೊತ್ತು ತಿರುಗುವ ಗಂಡ ಒಂದು ಕಡೆ. ಗಂಡನಿಲ್ಲದ ಮೇಲೆ ತಾನಿರಬಾರದು ಎನ್ನುವ ಹೆಂಡತಿ ಇನ್ನೊಂದು ಕಡೆ. ಅವನು ಹೊತ್ತ, ಆದರೆ ಬದುಕಿದ. ಮುಂದೆ ರೋಮ್‌ಗೆ ಹೋಗಿ ಆ ಸಾಕಿದ ಹುಡುಗಿಯನ್ನೇ ಮದುವೆಯಾಗಿ ಹದಿನಾಲ್ಕು ಮಕ್ಕಳನ್ನು ಪಡೆದು 1652ರವರೆಗೆ ಇದ್ದ. ಇದನ್ನು ಹೇಳಿದಾಗ ನಮ್ಮ ಮನೆಯವರು 'ಹ್ಞೂಂ, ಅದಕ್ಕೆಲ್ಲ ಅವರಿಗೆ ಅಡ್ಡಿಯಿಲ್ಲ' ಎಂದಷ್ಟೇ ಹೇಳಿ ಸುಮ್ಮನಾದಳು.

ಬಂಧುಗಳೆ, ನನ್ನನ್ನು ಕಾಡಿದ್ದು ಇದು. ಇಕ್ಕೇರಿ ಇಷ್ಟಲಿಂಗ ಧರಿಸಿದ ದೊರೆಗಳ ರಾಜಧಾನಿ. ಹೆಣ್ಣಿಗೂ ಲಿಂಗ ಕಟ್ಟಿದ, ಹೆಣ್ಣನ್ನೂ ಅನುಭವಮಂಟಪಕ್ಕೆ ಕರೆದ ಧರ್ಮ ನಮ್ಮದು. ಗಂಡನಾದ ದೊರೆಯನ್ನೇ ಬಿಟ್ಟು ಹೊರಟ ಅಕ್ಕಮಹಾದೇವಿಯ ಉಡುತಡಿ ನಮ್ಮ ಪಕ್ಕದ ಶಿಕಾರಿಪುರ ತಾಲೂಕಿನಲ್ಲಿದೆ. ನಮ್ಮಲ್ಲಿ ಹೆಣ ಸುಡುವುದಿಲ್ಲ, ಸಮಾಧಿ ಮಾಡುತ್ತೇವೆ. ಹಾಗಾಗಿ ಆ ಚಿತೆ ನಮ್ಮದಲ್ಲ, ಬೇರೆಯವರದು ಎಂದು ಕೈ ತೊಳೆದುಕೊಳ್ಳಬಹುದು. ಆದರೆ ಬೀದಿ ನಮ್ಮದು. ಆ ಮೆರವಣಿಗೆಯನ್ನು ನಮ್ಮ ಹಿರಿಯರೂ ಬಾಗಿಲಲ್ಲಿ ನಿಂತು ನೋಡಿರಬೇಕು. ಪಿಯೆತ್ರೊನ ಕಾಗದದಲ್ಲಿ ಅವಳಿಗೆ ಬೇಡ ಎಂದು ಹೇಳಿದವನು ಅವನೊಬ್ಬನೇ. ಈ ಮೂರು ತಾಲೂಕಿನಲ್ಲಿ ರಸ್ತೆ ಅಗಲ ಮಾಡಿಸುವಾಗ ಎಷ್ಟು ಮಾಸ್ತಿಕಲ್ಲು ಕಂಡಿದ್ದೇನೆ! ಕಲ್ಲಿನ ಮೇಲೆ ಎತ್ತಿದ ಕೈ, ಬಳೆ, ಕೈಯಲ್ಲಿ ನಿಂಬೆಹಣ್ಣು. ಜಕ್ಕಮ್ಮನ ಕಥೆ ಓದಿದ ಮೇಲೆ ಆ ಹಣ್ಣು ನನಗೆ ಬೇರೆಯೇ ಆಗಿ ಕಾಣುತ್ತದೆ.

ಅದೇ ಅರಮನೆಯ ಇನ್ನೊಂದು ಸುದ್ದಿಯನ್ನೂ ಅವನು ಕೇಳಿ ಬರೆದಿದ್ದಾನೆ. ವೆಂಕಟಪ್ಪ ನಾಯಕರ ಹಿರಿಯ ರಾಣಿ ಭದ್ರಮ್ಮ. ದೊರೆಗೆ ಹೊರಗೊಂದು ಸಂಬಂಧವಿದೆ ಎಂದು ತಿಳಿದ ದಿನದಿಂದ ಆಕೆ ಅವರೊಂದಿಗೆ ದಾಂಪತ್ಯ ಮುಗಿಸಿದಳು. ಅರಮನೆ ಬಿಡಲಿಲ್ಲ, ಅಳಲಿಲ್ಲ, ರಾಣಿಯಾಗಿಯೇ ಉಳಿದಳು, ಆದರೆ ಹೆಂಡತಿಯಾಗಿ ಅಲ್ಲ. ದೊರೆ ಎಷ್ಟು ಒಲಿಸಿಕೊಳ್ಳ ಹೋದರೂ ಬಗ್ಗಲಿಲ್ಲ. ಮತ್ತೆ, ಐವತ್ತು ವರ್ಷವೂ ಕಳೆದಿಲ್ಲ, 1671ರಲ್ಲಿ ಅದೇ ಮನೆತನದ ಸೋಮಶೇಖರ ನಾಯಕರು ತೀರಿಕೊಂಡಾಗ ವಿಧವೆ ಚೆನ್ನಮ್ಮಾಜಿ ಪಟ್ಟವೇರಿ ಬಿದನೂರಿನಿಂದ, ಅಂದರೆ ನಮ್ಮ ಹೊಸನಗರ ತಾಲೂಕಿನ ನಗರದಿಂದ, ಸುಮಾರು ಇಪ್ಪತ್ತೈದು ವರ್ಷ ರಾಜ್ಯ ಆಳಿದರು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದರು. ಕೊನೆಗೆ 1763ರಲ್ಲಿ ಹೈದರಾಲಿ ನಗರ ಹಿಡಿದಾಗಲೂ ಗದ್ದುಗೆಯಲ್ಲಿದ್ದವರು ಒಬ್ಬ ವಿಧವೆ, ವೀರಮ್ಮಾಜಿ. ನಗರದ ಕೋಟೆ ಮೇಲೆ, ತೀರ್ಥಹಳ್ಳಿಯ ಕವಲೇದುರ್ಗದ ಮೇಲೆ ನಿಂತಾಗಲೆಲ್ಲ ನಾವು ಇದನ್ನು ಅಭಿಮಾನದಿಂದ ಹೇಳುತ್ತೇವೆ. ನಾನೂ ಎಷ್ಟೋ ವೇದಿಕೆಯಲ್ಲಿ ಹೇಳಿದ್ದೇನೆ. ಚೆನ್ನಮ್ಮಾಜಿಯನ್ನು ಹೇಳುವಾಗ ಜಕ್ಕಮ್ಮನನ್ನು ಹೇಳುವುದಿಲ್ಲ.

ಮ್ಯೂನಿಕ್‌ನಿಂದ ನಾವಿಬ್ಬರೂ ರಾತ್ರಿ ರೈಲಿನಲ್ಲಿ ರೋಮ್‌ಗೆ ಹೋದೆವು. ಮಗಳು ಎಲ್ಲರಂತೆ ಕೊಲೊಸಿಯಮ್ ನೋಡಿ ಬನ್ನಿ ಎಂದಳು. ನನಗೆ ಬೇಕಾಗಿದ್ದು ಸಾಂತಾ ಮರಿಯಾ ಇನ್ ಅರಾಕೋಯೆಲಿ ಎಂಬ ಚರ್ಚು. ಪಿಯೆತ್ರೊ 1626ರಲ್ಲಿ ಊರು ಮುಟ್ಟಿ, ಮರುವರ್ಷ ಮಾನಿಯನ್ನು ಅಲ್ಲಿ ತನ್ನ ಮನೆತನದ ಜಾಗದಲ್ಲಿ ಹೂಳಿದ. ಅಂದು ಅವಳ ಬಗ್ಗೆ ಮಾತಾಡಲು ಎದ್ದು ನಿಂತವನು ಅತ್ತು ಮಾತು ನಿಲ್ಲಿಸಿದನಂತೆ. ಗುಡ್ಡದ ನೆತ್ತಿಯ ಮೇಲೆ ಆ ಚರ್ಚು, ಬರಿಯ ಇಟ್ಟಿಗೆಯ ಮುಖ. ಹತ್ತಲು 124 ಮೆಟ್ಟಿಲು, 1348ರಲ್ಲಿ ಕಟ್ಟಿದ್ದು. ಒಳಗಿನ ಕಂಬಗಳು ಹಳೆಯ ರೋಮನ್ ಕಟ್ಟಡಗಳಿಂದ ಕಿತ್ತು ತಂದವು, ಒಂದರಂತೆ ಒಂದಿಲ್ಲ. ಅಳತೆ ಸೇರದ ಕಂಬಗಳ ಮೇಲೆ ಸೂರು ಸರಿಯಾಗಿ ಕೂರಿಸಿದ್ದಾನಲ್ಲ, ಆ ಮೇಸ್ತ್ರಿಗೆ ಮನಸ್ಸಿನಲ್ಲೇ ಶರಣು ಹೇಳಿದೆ.

ನನ್ನಾಕೆಗೆ ಮಂಡಿನೋವು. ಅರ್ಧ ಹತ್ತಿ ಮೆಟ್ಟಿಲ ಮೇಲೇ ಕೂತಳು. ನಾನು ಪಕ್ಕ ಕೂತು, ಮಾನಿ ಕಥೆಯನ್ನು ಮತ್ತೊಮ್ಮೆ ಹೇಳುತ್ತ, ಜಕ್ಕಮ್ಮನವರೆಗೆ ಬಂದೆ. 'ಯಾರೂ ಒತ್ತಾಯ ಮಾಡಿಲ್ಲ, ನನ್ನಿಚ್ಛೆ ಅಂದಳಂತೆ' ಎಂದೆ. ಅವಳು ಸ್ವಲ್ಪ ಹೊತ್ತು ಊರು ನೋಡುತ್ತಿದ್ದಳು. ಆಮೇಲೆ ಹೇಳಿದಳು: 'ನಿಮ್ಮ ಚಿಕ್ಕಮ್ಮನೂ ಹಂಗೇ ಅಲ್ವ ಅಂದಿದ್ದು? ಗೃಹಪ್ರವೇಶದ ದಿನ ಅವರನ್ನ ಒಂದು ಆರತಿಗೆ ಕರೆಯಲಿಲ್ಲ ನೀವು. ಇಲ್ಲಿಗೆ ಬಂದು ಯಾರದೋ ಹೆಂಡತಿ ಸಮಾಧಿ ಹುಡುಕ್ತೀರಿ.'

ನನ್ನ ಚಿಕ್ಕಮ್ಮನ ಕಥೆ ಇಷ್ಟು. ಹದಿನೇಳಕ್ಕೆ ಹೊಸನಗರ ಕಡೆಯ ಹಳ್ಳಿಗೆ ಮದುವೆಯಾಗಿ ಹೋದರು. ಎರಡು ವರ್ಷದೊಳಗೆ ಚಿಕ್ಕಪ್ಪ ಅಡಿಕೆ ಮರದಿಂದ ಬಿದ್ದು ಲಿಂಗೈಕ್ಯರಾದರು. ಚಿಕ್ಕಮ್ಮ ನಮ್ಮ ಮನೆಗೆ ಬಂದರು. ನಮ್ಮಲ್ಲಿ ಉಡಿಕೆ ಪದ್ಧತಿ ಹಳೆಯದು, ನಿಮಗೆ ಗೊತ್ತು. ಚಿಕ್ಕಮ್ಮನಿಗೂ ಒಂದು ಒಳ್ಳೆಯ ಸಂಬಂಧ ಕೇಳಿಕೊಂಡು ಬಂದಿತ್ತು. ಆದರೆ ಅಷ್ಟರಲ್ಲಿ ನಮ್ಮ ಅಜ್ಜನಿಗೆ ತೋಟವಾಗಿತ್ತು, ಊರಿನಲ್ಲಿ ಹೆಸರಾಗಿತ್ತು. 'ಅದೆಲ್ಲ ಇಲ್ಲದವರ ಮನೆಯ ಪದ್ಧತಿ' ಎಂದುಬಿಟ್ಟರು. ಶರಣರು ಕೊಟ್ಟದ್ದನ್ನು ನಾವು ದೊಡ್ಡಮನುಷ್ಯರಾದೊಡನೆ ಬಿಟ್ಟೆವು. ದಾವಣಗೆರೆಯಲ್ಲಿ ನಾನು ಎಂಜಿನಿಯರಿಂಗ್ ಓದುವಾಗ ಎರಡನೇ ವರ್ಷದ ಫೀಜು ಬಂದದ್ದು ಚಿಕ್ಕಮ್ಮನ ಬಳೆಯಿಂದ. ತೊಡುವಂತಿರಲಿಲ್ಲವಲ್ಲ, ಪೆಟ್ಟಿಗೆಯಲ್ಲಿದ್ದ ಬಳೆ.

1998ರಲ್ಲಿ ಸಾಗರದಲ್ಲಿ ನಾನು ಮನೆ ಕಟ್ಟಿದೆ. ಗೃಹಪ್ರವೇಶಕ್ಕೆ ಐವರು ಮುತ್ತೈದೆಯರು ಆರತಿ ಹಿಡಿದು ಬಾಗಿಲಲ್ಲಿ ನಿಂತರು. ಆ ಹೊತ್ತಿಗೆ ಚಿಕ್ಕಮ್ಮ ಕಾಣಲಿಲ್ಲ. ಹುಡುಕಿದರೆ ಹಿಂದಿನ ಉಗ್ರಾಣದಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಬಾ ಚಿಕ್ಕಮ್ಮ ಎಂದೆ. 'ನಂಗ್ಯಾರೂ ಬೇಡ ಅಂದಿಲ್ಲಪ್ಪ, ನಾನೇ ಕೂತಿದೀನಿ, ನೀ ಹೋಗು, ಹೊತ್ತಾಯ್ತು' ಎಂದರು. ನಾನು ಹೋದೆ. ಯಾರೂ ಬೇಡ ಅಂದಿರಲಿಲ್ಲ, ನಿಜ. ಹತ್ತೊಂಬತ್ತನೇ ವಯಸ್ಸಿನಿಂದ ಯಾರೂ ಬಾ ಎಂದೂ ಅಂದಿರಲಿಲ್ಲ. ಅವರ ಇಚ್ಛೆಯನ್ನು ನಾವೇ ಹಾಗೆ ಮಾಡಿಟ್ಟಿದ್ದೆವು. ಆ ದಿನದ ಒಂದು ಫೋಟೋದಲ್ಲೂ ಚಿಕ್ಕಮ್ಮ ಇಲ್ಲ. 2019ರಲ್ಲಿ ಲಿಂಗೈಕ್ಯರಾದರು.

ಮೆಟ್ಟಿಲ ಮೇಲೆ ನನ್ನಾಕೆಗೆ ನಾನು ಉತ್ತರ ಕೊಡಲಿಲ್ಲ. ಇಬ್ಬರೂ ಕೈಹಿಡಿದು ಉಳಿದ ಮೆಟ್ಟಿಲು ಹತ್ತಿದೆವು. ಒಳಗೆ ಅವಳು ತನ್ನ ಚೀಲದಿಂದ ಒಂದು ಚೂರು ವಿಭೂತಿ ತೆಗೆದು, ಆ ಮನೆತನದ ಜಾಗದ ಬಳಿ, ಯಾರೂ ನೋಡದಂತೆ ಕಂಬದ ಬುಡಕ್ಕೆ ಇಟ್ಟಳು. ಚರ್ಚಿನವರು ಕ್ಷಮಿಸಬೇಕು.

ಈಗ ಒಂದು ಮನೆಯ ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಅಣ್ಣ ಲಿಂಗೈಕ್ಯರಾಗಿ ನಾಲ್ಕು ವರ್ಷವಾಯಿತು. ಅವರ ಮಗಳ ಮದುವೆ ಮುಂದಿನ ತಿಂಗಳು. ಧಾರೆಯ ಹೊತ್ತಿಗೆ ಅತ್ತಿಗೆಯೇ ಮಗಳ ಪಕ್ಕ ನಿಲ್ಲಬೇಕು, ಮೊದಲ ಆರತಿ ಅವರೇ ಎತ್ತಬೇಕು ಎಂದು ನಾನೂ ನನ್ನಾಕೆಯೂ ಹೋಗಿ ಕೇಳಿಕೊಂಡೆವು. ಹುಡುಗಿ ಒಪ್ಪಿದ್ದಾಳೆ. ಗಂಡಿನ ಕಡೆಯವರೂ ನಿಮ್ಮ ಮನೆಯ ಇಷ್ಟ ಎಂದಿದ್ದಾರೆ. ಅತ್ತಿಗೆ ಮಾತ್ರ ಇನ್ನೂ ಒಪ್ಪಿಲ್ಲ. 'ನಂಗೇನೂ ಬೇಜಾರಿಲ್ಲ, ನಾನೇ ಹಿಂದೆ ನಿಲ್ತೀನಿ, ಜನ ಏನಂತಾರೋ' ಎನ್ನುತ್ತಾರೆ.

ಜನ ಎಂದರೆ ಇಲ್ಲಿ ಕೂತಿರುವ ನೀವು, ನಾನು. ಅತ್ತಿಗೆಯನ್ನು ಬಲ್ಲ ತಾಯಂದಿರು ಈ ಸಭೆಯಲ್ಲಿ ಹತ್ತಾರು ಮಂದಿ ಇದ್ದೀರಿ. ಈ ವಾರದಲ್ಲಿ ಬಿಡುವು ಮಾಡಿಕೊಂಡು ಒಂದು ಸಲ ಅವರ ಮನೆಗೆ ಹೋಗಿ, ಬಾ ಎಂದು ಹೇಳಿ ಬನ್ನಿ. ಮದುವೆ ತೀರ್ಥಹಳ್ಳಿಯಲ್ಲಿ, ಭಾನುವಾರ. ಕಾಗದ ಎಲ್ಲರಿಗೂ ಬರುತ್ತದೆ, ತಪ್ಪಿಸಬೇಡಿ.